ಮುಂದಿನ ಟೆಂಡರ್ ಕರೆಯುವ ಮುಂಚೆ: ಮಂಗಳೂರು ಮಹಾನಗರಪಾಲಿಕೆಗೆ ಒಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ಪಾಲಿಕೆಯ ಕುರ್ಚಿಯಲ್ಲಿ ಕೂತು ಬಂದವರೇ, ಮುಂದೆ ಕೂರಬೇಕೆಂದು ವಾರ್ಡ್ ಸುತ್ತುತ್ತಿರುವವರೇ,

ನಮಸ್ಕಾರ.

ಇದು ರಸ್ತೆ ಗುಂಡಿಯ ಪತ್ರ ಅಲ್ಲ. ಅದನ್ನು ಬರೆಯುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಕೇಳುವುದು ಇಷ್ಟು: ಇನ್ನು ಮುಂದೆ ನಮ್ಮ ತೆರಿಗೆ ದುಡ್ಡಿನಲ್ಲಿ ಪಾಲಿಕೆ ಯಾವ ಸಾಫ್ಟ್‌ವೇರ್ ಮಾಡಿಸಿದರೂ, ಯಾವ ಆ್ಯಪ್ ಮಾಡಿಸಿದರೂ, ಅದರ ಸೋರ್ಸ್ ಕೋಡ್, ಅಂದರೆ ಅದು ಹೇಗೆ ಕೆಲಸ ಮಾಡಬೇಕೆಂದು ಎಂಜಿನಿಯರ್‌ಗಳು ಬರೆದ ಮೂಲ ಬರಹ, ಪಾಲಿಕೆಯ ಕೈಯಲ್ಲಿರಲಿ, ಎಲ್ಲರಿಗೂ ತೆರೆದಿರಲಿ. ಓಪನ್ ಸೋರ್ಸ್ ಅಂದರೆ ಅದೇ. ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ನಾಳೆ ಉಡುಪಿ ನಗರಸಭೆಗೋ ಪುತ್ತೂರಿಗೋ ಬೇಕಾದರೆ ಅವರೂ ತೆಗೆದುಕೊಂಡು ಬಳಸಬಹುದು.

ಇದನ್ನು ಹೇಳಲು ನಾನು ಯಾರು ಅಂತ ಕೇಳಬಹುದು. ನಾನು ಮಂಗಳೂರಿನಲ್ಲಿ ಒಂದು ಸಣ್ಣ ಸೈಬರ್ ಅಂಗಡಿ ಇಟ್ಟುಕೊಂಡವನು. ಜೆರಾಕ್ಸ್, ಲ್ಯಾಮಿನೇಶನ್, ಪಾನ್ ಕಾರ್ಡ್, ಸೇವಾ ಸಿಂಧು ಅರ್ಜಿ. ಏಪ್ರಿಲ್ ಬಂತೆಂದರೆ ಮನೆ ತೆರಿಗೆ, ಯಾಕೆಂದರೆ ಆ ತಿಂಗಳು 5 ಪರ್ಸೆಂಟ್ ರಿಯಾಯಿತಿ. ಸರ್ಕಾರದ ವೆಬ್‌ಸೈಟುಗಳನ್ನು ಮಾಡಿದವರಿಗಿಂತ, ಮಾಡಿಸಿದವರಿಗಿಂತ ಜಾಸ್ತಿ ನೋಡುವುದು ನಮ್ಮಂಥ ಅಂಗಡಿಯವರು. ಯಾವ ಪುಟ ಮಧ್ಯಾಹ್ನ ತೆರೆಯುವುದಿಲ್ಲ, ಯಾವ ಒಟಿಪಿ ಹತ್ತು ನಿಮಿಷ ತಡವಾಗಿ ಬರುತ್ತದೆ, ಯಾವ ಫಾರ್ಮ್‌ನಲ್ಲಿ ಹೆಸರಿನ ಜೊತೆ ಇನಿಶಿಯಲ್‌ಗೆ ಚುಕ್ಕಿ ಹಾಕಿದರೆ ಎಲ್ಲ ಅಳಿಸಿ ಹೋಗುತ್ತದೆ, ಇದೆಲ್ಲ ನಮಗೆ ಬಾಯಿಪಾಠ.

ಒಮ್ಮೆ ತೆರಿಗೆ ಸೀಸನ್‌ನಲ್ಲಿ ಒಬ್ಬರು ಬಾಯಮ್ಮ ಅಂಗಡಿಗೆ ಬಂದರು. ಎಪ್ಪತ್ತು ದಾಟಿದವರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ರಬ್ಬರ್ ಬ್ಯಾಂಡ್ ಹಾಕಿದ ರಸೀದಿಗಳ ಕಟ್ಟು. ಅವರ ಮನೆ ಇರುವುದು ಕರಾವಳಿಯ ಬೇರೊಂದು ಊರಲ್ಲಿ. ಆ ಊರಿನ ಹೆಸರು ಇಲ್ಲಿ ಬೇಡ. ಹಳೇ ಬಾಕಿ ಉಂಟು, ಬಡ್ಡಿ ಸಮೇತ ಕಟ್ಟಿ ಅಂತ ಅಲ್ಲಿನ ಕಚೇರಿಯಲ್ಲಿ ಹೇಳಿದ್ದಾರೆ. ನೋಡಿದರೆ ಆ ವರ್ಷಗಳ ರಸೀದಿಯೆಲ್ಲ ಸೀಲು, ಸಹಿ ಸಮೇತ ಕಟ್ಟಿನಲ್ಲೇ ಇದೆ. ನಾನೇ ಫೋನ್ ಹಚ್ಚಿದೆ. ಆಚೆ ಕಡೆ ಇದ್ದ ಗುಮಾಸ್ತರು ಪಾಪ ಒಳ್ಳೆಯವರೇ. "ಅವರು ಕಟ್ಟಿದ್ದಾರೆ ಅಂತ ನಮಗೂ ಗೊತ್ತುಂಟು ಮಾರಾಯ್ರೆ. ಹಳೇ ಸಾಫ್ಟ್‌ವೇರ್‌ನಿಂದ ಹೊಸದಕ್ಕೆ ಬರುವಾಗ ಆ ವರ್ಷದ್ದೆಲ್ಲ ಬರ್ಲಿಲ್ಲ. ಹಳೇ ಕಂಪನಿಯವರ ಕಾಂಟ್ರ್ಯಾಕ್ಟ್ ಮುಗಿದಿದೆ. ಡೇಟಾ ತೆಗೆದು ಕೊಡ್ಲಿಕ್ಕೆ ಅವರು ಬೇರೆ ದುಡ್ಡು ಕೇಳ್ತಾರೆ. ನಮಗೆ ಅದರ ಒಳಗೆ ಕೈ ಹಾಕ್ಲಿಕ್ಕೇ ಆಗುದಿಲ್ಲ" ಅಂದರು.

ಬಾಯಮ್ಮ ರಸೀದಿಗಳನ್ನು ಒಂದೊಂದಾಗಿ ಜೆರಾಕ್ಸ್ ಮಾಡಿಸಿ, ನನ್ನ ಕೈಯಲ್ಲೇ ಒಂದು ಅರ್ಜಿ ಬರೆಸಿಕೊಂಡು ಹೋದರು. ಕಂಪ್ಯೂಟರ್ ಮರೆತದ್ದನ್ನು ಕಾಗದ ನೆನಪಿಟ್ಟುಕೊಂಡಿತ್ತು ಅಂತ ಬಚಾವಾದರು. ಕಾಗದ ಎಸೆದವರ ಗತಿ ಏನು?

ಇಲ್ಲಿ ಯಾರೂ ಕಳ್ಳತನ ಮಾಡಿಲ್ಲ. ಸಾಫ್ಟ್‌ವೇರ್ ಕೂಡ ಕೆಟ್ಟದ್ದೇ ಆಗಿರಬೇಕೆಂದಿಲ್ಲ. ದುಡ್ಡು ಕೊಟ್ಟ ಕಚೇರಿಗೆ ತನ್ನ ಲೆಕ್ಕದ ಪುಸ್ತಕವನ್ನೇ ತೆರೆಯುವ ಹಕ್ಕು ಇರಲಿಲ್ಲ, ಅಷ್ಟೇ. ಸ್ಟೇಟ್ ಬ್ಯಾಂಕಿನಿಂದ ಹೊರಟ ಸಿಟಿ ಬಸ್ಸು ದಾರಿಯಲ್ಲಿ ಕೈಕೊಟ್ಟರೆ ಯಾವ ಗ್ಯಾರೇಜಿನವನಾದರೂ ಬಾನೆಟ್ ಎತ್ತಿ ನೋಡುತ್ತಾನೆ. ಬಾನೆಟ್ಟಿಗೆ ಬೀಗ ಹಾಕಿ ಕೀಲಿಯನ್ನು ಮಾರಿದ ಕಂಪನಿಯೇ ಇಟ್ಟುಕೊಳ್ಳುತ್ತದೆ ಅಂದರೆ ಯಾವ ಮಾಲೀಕ ಆ ಬಸ್ಸು ತಗೊಳ್ತಾನೆ ಹೇಳಿ.

ಇದು ನಾನು ಹೊಸದಾಗಿ ಕಂಡುಹಿಡಿದ ಮಾತೇನೂ ಅಲ್ಲ. ಕೇಂದ್ರ ಸರ್ಕಾರ 2015ರಲ್ಲೇ ಓಪನ್ ಸೋರ್ಸ್ ಬಳಸಬೇಕೆಂಬ ನೀತಿ ತಂದಿದೆ. ಟೆಂಡರ್ ಕರೆಯುವಾಗ ಓಪನ್ ಸೋರ್ಸನ್ನೂ ಪರಿಗಣಿಸಿ ಅಂತ ಬರೆಯಬೇಕು, ಬೇಡ ಅನ್ನುವ ಕಂಪನಿ ಯಾಕೆ ಬೇಡ ಅಂತ ಕಾರಣ ಕೊಡಬೇಕು ಅನ್ನುವುದು ಅದರ ಸಾರ. ಅದೇ ವರ್ಷ ಇನ್ನೊಂದು ನೀತಿಯೂ ಬಂತು: ಸರ್ಕಾರ ಮಾಡಿಸಿದ ಅಪ್ಲಿಕೇಶನ್‌ಗಳ ಕೋಡನ್ನು ತೆರೆದು, ಬೇರೆ ಇಲಾಖೆಯವರೂ ಬಳಸುವ ಹಾಗೆ ಮಾಡಬೇಕು ಅಂತ. ಅದಕ್ಕೆಂದೇ ಓಪನ್‌ಫೋರ್ಜ್ ಎಂಬ ತಾಣ ಕೂಡ ಇದೆ. ತೊಡಕು ಏನೆಂದರೆ, ಓಪನ್ ಸೋರ್ಸ್ ನೀತಿ ಕೇಂದ್ರದ ಕಚೇರಿಗಳಿಗೆ ಕಡ್ಡಾಯ, ರಾಜ್ಯಗಳಿಗೆ ಇಷ್ಟ ಇದ್ದರೆ ಮಾತ್ರ. ಹಾಗಾಗಿ ಯಾರೂ ನಿಮ್ಮನ್ನು ಹಿಡಿದು ಕೇಳುವುದಿಲ್ಲ. ಕೇಳುವವರು ಯಾರಾದರೂ ಬೇಕಲ್ವಾ, ಅದಕ್ಕೇ ಈ ಪತ್ರ.

ತೆರಿಗೆ, ಖಾತಾದಂಥ ದೊಡ್ಡ ಸಾಫ್ಟ್‌ವೇರ್‌ಗಳ ವಿಷಯ ಬೆಂಗಳೂರಿನಲ್ಲಿ ತೀರ್ಮಾನವಾಗುತ್ತದೆ, ಅದು ಪೂರ್ತಿ ನಿಮ್ಮ ಕೈಯಲ್ಲಿಲ್ಲ ಅಂತ ನನಗೂ ಗೊತ್ತು. ಆದರೆ ಈ ವಿಷಯದಲ್ಲಿ ಕರ್ನಾಟಕಕ್ಕೆ ಹಳೇ ಅನುಭವ ಇದೆ. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾದಮುನಿ 2003ರಲ್ಲಿ ಶುರುಮಾಡಿದ ಇ-ಗವರ್ನಮೆಂಟ್ಸ್ ಫೌಂಡೇಶನ್ ಮೊದಮೊದಲು ಕೆಲಸ ಮಾಡಿದ್ದೇ ನಮ್ಮ ರಾಜ್ಯದ ನಗರಗಳಿಗೆ, ನಿರ್ಮಲ ನಗರ ಯೋಜನೆಯಲ್ಲಿ. ಅದೇ ಸಂಸ್ಥೆಯ ಡಿಜಿಟ್ ಎಂಬ ಸಾಫ್ಟ್‌ವೇರ್ ಇವತ್ತು ಓಪನ್ ಸೋರ್ಸ್. ಆಸ್ತಿ ತೆರಿಗೆ, ನೀರಿನ ಬಿಲ್, ಟ್ರೇಡ್ ಲೈಸೆನ್ಸ್, ದೂರು, ಎಲ್ಲ ಅದರಲ್ಲಿದೆ. ಪಂಜಾಬಿನ ನಗರಗಳ ಎಂ-ಸೇವಾ ನಡೆಯುವುದು ಅದರ ಮೇಲೆ. ಕೇಂದ್ರದ ನಗರ ಡಿಜಿಟಲ್ ಮಿಷನ್‌ನ 'ಉಪಯೋಗ್' ಕೂಡ ಅದರ ಮೇಲೆ ಕಟ್ಟಿದ್ದು. ಅಂದರೆ ಒಂದು ಪಾಲಿಕೆಗೆ ಬೇಕಾದ ಮುಕ್ಕಾಲು ಪಾಲು ಕೋಡ್ ಈಗಾಗಲೇ ಬರೆದಿಟ್ಟಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹಾಗಿದ್ದೂ ಪ್ರತಿ ಊರೂ ದೂರು ಕೊಡುವ ಆ್ಯಪನ್ನು ಸೊನ್ನೆಯಿಂದ ಮಾಡಿಸುವುದು ಯಾಕೆ? ಇಂಗ್ಲೆಂಡಿನಲ್ಲಿ ಮೈಸೊಸೈಟಿ ಎಂಬ ಸಂಸ್ಥೆ 2007ರಲ್ಲಿ ಫಿಕ್ಸ್‌ಮೈಸ್ಟ್ರೀಟ್ ಅಂತ ಮಾಡಿತು. ನಕ್ಷೆಯಲ್ಲಿ ಬೆರಳು ಇಟ್ಟು ಇಲ್ಲಿ ಗುಂಡಿ, ಇಲ್ಲಿ ಕಸ ಅಂತ ಹೇಳಿದರೆ ದೂರು ಆಯಾ ಊರಿನ ಕೌನ್ಸಿಲ್‌ಗೆ ಹೋಗುತ್ತದೆ. ಕೊಟ್ಟ ದೂರು ಎಲ್ಲರಿಗೂ ಕಾಣುತ್ತದೆ, ಪಕ್ಕದ ಮನೆಯವರಿಗೂ. ಅದರ ಕೋಡ್ ತೆರೆದದ್ದು, ಬೇರೆ ದೇಶಗಳಲ್ಲೂ ಅದನ್ನಿಟ್ಟುಕೊಂಡು ತಾಣ ಮಾಡಿದ್ದಾರೆ.

ಅಷ್ಟು ದೂರ ಯಾಕೆ, ತಲಪಾಡಿ ದಾಟಿ ನೋಡಿ. ಮಂಜೇಶ್ವರ, ಕಾಸರಗೋಡಿನ ಕನ್ನಡ ಶಾಲೆಯ ಮಕ್ಕಳು ವರ್ಷಗಳಿಂದ ಕಂಪ್ಯೂಟರ್ ಕಲಿಯುವುದು ಲಿನಕ್ಸ್‌ನಲ್ಲಿ, ಅಂದರೆ ವಿಂಡೋಸ್ ಜಾಗದಲ್ಲಿ ಹಾಕುವ ಓಪನ್ ಸೋರ್ಸ್ ವ್ಯವಸ್ಥೆಯಲ್ಲಿ. ಕೇರಳ ಸರ್ಕಾರದ ಶಾಲಾ ಕಂಪ್ಯೂಟರ್ ಯೋಜನೆ ಐಟಿ@ಸ್ಕೂಲ್, ಈಗಿನ ಕೈಟ್, ಸರ್ಕಾರಿ ಶಾಲೆಗಳನ್ನು ಹಾಗೇ ಬೆಳೆಸಿಕೊಂಡು ಬಂದಿದೆ. 2019ರಲ್ಲಿ ತಮ್ಮ ಲಿನಕ್ಸ್‌ನ ಹೊಸ ಆವೃತ್ತಿ ಬಿಡುವಾಗ ಅವರು, 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಇದನ್ನು ಹಾಕುವುದರಿಂದ 3000 ಕೋಟಿ ರೂಪಾಯಿ ಉಳಿಯುತ್ತದೆ ಅಂದಿದ್ದರು. ಆ ಲೆಕ್ಕ ನನಗೆ ಅಷ್ಟು ಒಪ್ಪಿಗೆ ಇಲ್ಲ. ಭಾಗಿಸಿ ನೋಡಿದರೆ ಒಂದು ಕಂಪ್ಯೂಟರಿಗೆ ಒಂದೂವರೆ ಲಕ್ಷ ಆಯಿತು. ಅಷ್ಟು ಬೆಲೆಯ ಸಾಫ್ಟ್‌ವೇರನ್ನು ಯಾವ ಸರ್ಕಾರಿ ಶಾಲೆಯೂ ಹೇಗೂ ಕೊಳ್ಳುತ್ತಿರಲಿಲ್ಲ. ದುಡ್ಡು ಉಳಿಯುವುದು ನಿಜ, ಆದರೆ ಮುಖ್ಯ ಅದಲ್ಲ. ಅಲ್ಲಿನ ಮೇಷ್ಟ್ರುಗಳಿಗೆ ತರಬೇತಿ ಆಯಿತು, ಕೆಟ್ಟರೆ ಸರಿಮಾಡುವ ಜನ ಅಲ್ಲೇ ತಯಾರಾದರು, ಪಾಠ ಪುಸ್ತಕ ಕನ್ನಡದಲ್ಲೂ ಬಂತು. ವಿದ್ಯೆ ಊರಲ್ಲೇ ಉಳಿಯಿತು.

ನನ್ನ ಅಂಗಡಿಯ ಮಾತು ಹೇಳುತ್ತೇನೆ. ಹಳೇ ಮೆಷಿನ್‌ಗಳು, 4 ಜಿಬಿ ರ‍್ಯಾಮ್. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಿಂದ ಮಾಮೂಲಿ ಬೆಂಬಲ ಇಲ್ಲ, 11 ಹಾಕೋಣ ಅಂದರೆ ಇವು ಹಿಡಿಯುವುದಿಲ್ಲ. ನಾನು ಲಿನಕ್ಸ್ ಮಿಂಟ್ ಹಾಕಿದೆ. ಲಿಬ್ರೆ ಆಫೀಸ್‌ನಲ್ಲಿ ಅರ್ಜಿ ಟೈಪ್ ಆಗುತ್ತದೆ, ಪ್ರಿಂಟರ್ ಓಡುತ್ತದೆ, ಗಿರಾಕಿಗೆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ. ಆದರೆ ಒಂದೇ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ ಇಟ್ಟಿದ್ದೇನೆ. ಯಾಕೆಂದರೆ ಡಿಜಿಟಲ್ ಸಹಿಯ ಡಾಂಗಲ್ ಒಂದಕ್ಕೆ ಬೇರೆ ಕಡೆ ಡ್ರೈವರ್ ಇಲ್ಲ, ಇನ್ನೊಂದು ಪೋರ್ಟಲ್ ಕೂಡ ಹಾಗೇ ಹಟ ಹಿಡಿಯುತ್ತದೆ. ಒಂದು ಸರ್ಕಾರಿ ಕೆಲಸಕ್ಕೆ ಒಂದು ಕಂಪನಿಯ ಮಾಲನ್ನೇ ಜನ ಕೊಳ್ಳಬೇಕು ಅಂತ ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆಯದೆಯೇ ಜಾರಿಯಲ್ಲಿದೆ.

ಇನ್ನು ಕನ್ನಡ. ಕಚೇರಿಗಳ ಆದೇಶ, ಪ್ರಕಟಣೆ ಬಹಳಷ್ಟು ಈಗಲೂ ಹಳೇ ಕಾಲದ ಫಾಂಟಿನಲ್ಲಿ ಟೈಪ್ ಆಗುತ್ತಿದೆ, ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿಯಲ್ಲಿ ಅಲ್ಲ. ಪ್ರಿಂಟ್ ತೆಗೆದರೆ ಚಂದ ಕಾಣುತ್ತದೆ. ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸೋಣ ಅಂತ ಕಾಪಿ ಮಾಡಿದರೆ ಬರೀ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರ, ಅವುಗಳ ನೆತ್ತಿ ಮೇಲೆ ಒಂದಿಷ್ಟು ಗೀಟು, ಚುಕ್ಕಿ. ಹುಡುಕಿದರೆ ಸಿಗುವುದಿಲ್ಲ. ಕಣ್ಣು ಕಾಣದವರ ಫೋನು ಅದನ್ನು ಓದಿ ಹೇಳುವುದಿಲ್ಲ. ನನ್ನ ಅಂಗಡಿಗೆ ಇಂಥ ಪತ್ರ ಹಿಡಿದು ಬಂದವರಿಗೆ ನಾನು ಪೂರ್ತಿ ಮತ್ತೆ ಟೈಪ್ ಮಾಡಿ ಕೊಟ್ಟದ್ದಿದೆ, ಪುಟಕ್ಕಿಷ್ಟು ಅಂತ ದುಡ್ಡೂ ತಗೊಂಡಿದ್ದೇನೆ. ನನಗೆ ಲಾಭವೇ. ಆದರೂ ಇದು ಸರಿಯಲ್ಲ. ಯಾವ ಕಂಪನಿಗೂ ಕಟ್ಟುಬೀಳದ ಮುಕ್ತ ಮಾನದಂಡ ಬಳಸಿ ಅಂತ ಕೇಂದ್ರದ ನೀತಿ 2010ರಿಂದ ಇದೆ. ಕನ್ನಡದ ಒಳ್ಳೊಳ್ಳೆ ಯೂನಿಕೋಡ್ ಫಾಂಟ್‌ಗಳು ಮುಕ್ತ ಲೈಸೆನ್ಸ್‌ನಲ್ಲೇ ಸಿಗುತ್ತವೆ. ನಮ್ಮ ತುಳುವಿನ ಹಳೇ ಲಿಪಿಗೂ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ರಲ್ಲಿ ಜಾಗ ಸಿಕ್ಕಿತು, ತುಳು-ತಿಗಳಾರಿ ಎಂಬ ಹೆಸರಿನಲ್ಲಿ. ತುಳು ಲಿಪಿ ಅಷ್ಟು ದೂರ ಹೋಗಿ ಬಂದಿರುವಾಗ ಕಚೇರಿಯ ಕನ್ನಡ ಇನ್ನೂ ಹಳೇ ಫಾಂಟಿನಲ್ಲೇ ಕೂತಿದೆ.

ಮತ್ತೆ, ನಿಮ್ಮ ಸಿಬ್ಬಂದಿ ಬೆರಳಾಡಿಸುವ ಆ ಕನ್ನಡ ಕೀಲಿಮಣೆ ಇದೆಯಲ್ಲ, ಸರ್ಕಾರ ಒಪ್ಪಿದ ವಿನ್ಯಾಸ, ಅದರ ಮೂಲ ಕೆ.ಪಿ. ರಾವ್ ಅವರದ್ದು. ಮಂಗಳೂರಿನ ಹೊರಗಿನ ಕಿನ್ನಿಕಂಬ್ಳದವರು. ಅವರು ಅದನ್ನು ಬೀಗ ಹಾಕಿ ಮಾರಲಿಲ್ಲ, ಎಲ್ಲರಿಗೂ ಬಿಟ್ಟುಕೊಟ್ಟರು. ಅದಕ್ಕೇ ನುಡಿ, ಬರಹದಂಥ ತಂತ್ರಾಂಶಗಳು ಅದರ ಮೇಲೆ ಬೆಳೆದವು. ಕೊಟ್ಟು ಬೆಳೆಸುವ ಈ ಪದ್ಧತಿ ಹೊರಗಿನಿಂದ ಬಂದದ್ದು ಅಂತ ಈ ಊರಿನಲ್ಲಿ ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ.

ಇಷ್ಟು ಹೇಳಿದಾಗ ಯಾರಾದರೂ ಒಬ್ಬರು ಎದ್ದು ಕೇಳಿಯೇ ಕೇಳುತ್ತಾರೆ: ಕೋಡ್ ಎಲ್ಲರಿಗೂ ತೆರೆದಿಟ್ಟರೆ ಹ್ಯಾಕ್ ಮಾಡುವವರಿಗೆ ಸುಲಭ ಅಲ್ವಾ? ಮೊದಲಿಗೆ, ಕೋಡ್ ಬೇರೆ, ಡೇಟಾ ಬೇರೆ. ತೆರಿಗೆ ಲೆಕ್ಕ ಹಾಕುವ ವಿಧಾನ ತೆರೆದಿಡಿ ಅಂದರೆ ಯಾರ ಮನೆಗೆ ಎಷ್ಟು ಬಾಕಿ ಅಂತ ಬೋರ್ಡ್ ಹಾಕಿ ಅಂತ ಅರ್ಥ ಅಲ್ಲ. ಎರಡನೆಯದಾಗಿ, ಮುಚ್ಚಿಟ್ಟದ್ದೆಲ್ಲ ಭದ್ರ ಅಂತ ಯಾರು ಹೇಳಿದ್ದು? 2024ರ ಮಾರ್ಚ್‌ನಲ್ಲಿ ಒಂದು ಘಟನೆ ಆಯಿತು. ಲಿನಕ್ಸ್ ಸರ್ವರ್‌ಗಳು ಬಳಸುವ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯವನ ಹಾಗೆ ನಟಿಸಿ, ನಂಬಿಕೆ ಗಳಿಸಿ, ಕೊನೆಗೆ ಕಳ್ಳಬಾಗಿಲು ಇಟ್ಟಿದ್ದ. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್‌ಗೆ ಸಿಕ್ಕಿದ ಸುಳಿವು ಏನು ಗೊತ್ತೇ? ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿತ್ತು. ಅನುಮಾನ ಬಂದು ಕೆದಕಿದ, ಕೋಡ್ ತೆರೆದಿತ್ತು, ಸಿಕ್ಕಿಬಿತ್ತು. ತಮಾಷೆ ಅಂದರೆ ಆತ ಮೈಕ್ರೋಸಾಫ್ಟ್‌ನ ಉದ್ಯೋಗಿ. ಈ ಕಥೆಗೆ ಇನ್ನೊಂದು ಮುಖವೂ ಇದೆ. ಆ ತಂತ್ರಾಂಶವನ್ನು ಅಲ್ಲಿಯವರೆಗೆ ನೋಡಿಕೊಳ್ಳುತ್ತಿದ್ದವನು ಬಿಡುವಿನಲ್ಲಿ, ಸಂಬಳ ಇಲ್ಲದೆ ದುಡಿದು ಸುಸ್ತಾದ ಒಬ್ಬ ಮನುಷ್ಯ. ಕಳ್ಳ ನುಗ್ಗಿದ್ದು ಆ ಸುಸ್ತಿನ ಸಂದಿಯಲ್ಲೇ. ಹಾಗಾಗಿ ಓಪನ್ ಸೋರ್ಸ್ ಅಂದರೆ ಬಿಟ್ಟಿ ಅಂದುಕೊಳ್ಳಬೇಡಿ. ಲೈಸೆನ್ಸ್‌ಗೆ ಕೊಡುತ್ತಿದ್ದ ದುಡ್ಡಿನಲ್ಲಿ ಒಂದು ಪಾಲನ್ನು ನೋಡಿಕೊಳ್ಳುವ ಜನರಿಗೆ ಕೊಡಬೇಕಾಗುತ್ತದೆ.

ಮ್ಯೂನಿಕ್‌ನ ಕಥೆಯನ್ನೂ ಮುಚ್ಚಿಡುವುದಿಲ್ಲ. ಜರ್ಮನಿಯ ಆ ನಗರ 2003ರಲ್ಲಿ ಲಿನಕ್ಸ್‌ಗೆ ಹೋಗಲು ತೀರ್ಮಾನಿಸಿತು. ಹತ್ತು ವರ್ಷ ಹಿಡಿದು ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಾಯಿಸಿತು. 2017ರಲ್ಲಿ ವಾಪಸ್ ವಿಂಡೋಸ್‌ಗೆ ಹೋಗುವುದು ಅಂತ ಕೌನ್ಸಿಲ್‌ನಲ್ಲಿ ಮತ ಬಿತ್ತು. 2020ರಲ್ಲಿ ಹೊಸ ಮೈತ್ರಿಕೂಟ ಬಂದು, ಸಾಧ್ಯವಿದ್ದಲ್ಲೆಲ್ಲ ಮುಕ್ತ ತಂತ್ರಾಂಶ, ಜನರ ದುಡ್ಡಿನ ಕೋಡ್ ಜನರಿಗೆ ಎಂಬ ನಿಲುವಿಗೆ ಬಂತು. ಸಿಬ್ಬಂದಿಯ ದೂರುಗಳಲ್ಲಿ ಎಷ್ಟು ಲಿನಕ್ಸ್‌ನದು, ಎಷ್ಟು ಅಲ್ಲಿನ ಐಟಿ ಆಡಳಿತದ್ದು ಎಂಬ ಜಗಳ ಮುಗಿದಿಲ್ಲ. ಇದರಿಂದ ನನಗನಿಸಿದ್ದು: ಎಲ್ಲರ ಮೇಜಿನ ಕಂಪ್ಯೂಟರನ್ನು ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಮೂವತ್ತು ವರ್ಷ ಒಂದೇ ಪರದೆ ನೋಡಿದ ಗುಮಾಸ್ತರಿಗೆ ಒಂದು ಸೋಮವಾರ ಬೇರೆ ಪರದೆ ಕೊಟ್ಟರೆ ಅವರು ಬೈಯ್ಯದೆ ಇನ್ನೇನು ಮಾಡುತ್ತಾರೆ? ಜರ್ಮನಿಯದ್ದೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ 30,000 ಕಂಪ್ಯೂಟರ್‌ಗಳ ಬದಲಾವಣೆ ಘೋಷಿಸಿದಾಗ ಮೊದಲು ಹಿಡಿದದ್ದು ಆಫೀಸ್ ತಂತ್ರಾಂಶವನ್ನು. ಲಿಬ್ರೆ ಆಫೀಸ್ ಮೊದಲು, ಉಳಿದದ್ದು ನಿಧಾನಕ್ಕೆ.

ಹಾಗಾದರೆ ನೀವು ಈಗ ಮಾಡಬೇಕಾದದ್ದು ಏನು? ಹೊಸದಾಗಿ ಕರೆಯುವ ಟೆಂಡರ್‌ನಲ್ಲಿ ಕೆಲವು ಸಾಲು ಸೇರಿಸಿ. ಕೋಡ್ ಮುಕ್ತ ಲೈಸೆನ್ಸ್‌ನಲ್ಲಿರಬೇಕು, ಮಾಲೀಕತ್ವ ಪಾಲಿಕೆಯದ್ದು. ಇದಕ್ಕಿಂತ ಮುಖ್ಯ, ಕೆಲಸದ ಮೊದಲ ದಿನದಿಂದಲೇ ಕೋಡ್ ಎಲ್ಲರೂ ನೋಡಬಹುದಾದ ಜಾಗದಲ್ಲಿ ಇರಬೇಕು. ಇದನ್ನು ಒತ್ತಿ ಹೇಳಲು ಕಾರಣ ಇದೆ. 'ಸೋರ್ಸ್ ಕೋಡ್ ಹಸ್ತಾಂತರಿಸಬೇಕು' ಎಂಬ ಸಾಲು ಟೆಂಡರ್‌ಗಳಲ್ಲಿ ಈಗಲೂ ಇರುತ್ತದೆ. ಇಂಥ ಕಂಪನಿಯಲ್ಲಿ ಕೆಲಸ ಮಾಡಿದ ನನ್ನ ಗೆಳೆಯನೊಬ್ಬ ಅದು ಹೇಗೆ ನಡೆಯುತ್ತದೆ ಅಂತ ಹೇಳಿದ. ಪ್ರಾಜೆಕ್ಟ್ ಮುಗಿಯುವ ದಿನ ಒಂದು ಪೆನ್‌ಡ್ರೈವ್ ಕೊಡುತ್ತಾರೆ. ಅದರಲ್ಲಿ ಫೈಲ್‌ಗಳಿವೆ. ಅದನ್ನು ಓಡಿಸುವುದು ಹೇಗೆ, ಯಾವ ಡೇಟಾಬೇಸ್, ಯಾವ ಆವೃತ್ತಿ, ಒಂದಕ್ಷರ ಬರೆದಿರುವುದಿಲ್ಲ. ಕೆಲವೊಮ್ಮೆ ನಿಜವಾಗಿ ಓಡುತ್ತಿರುವ ಕೋಡೇ ಬೇರೆ ಇರುತ್ತದೆ. ಪೆನ್‌ಡ್ರೈವ್ ಕಪಾಟಿಗೆ ಹೋಗುತ್ತದೆ, ಬಿಲ್ ಪಾಸ್ ಆಗುತ್ತದೆ. ಅದಕ್ಕೇ ಕೊನೆಯ ಕಂತು ಕೊಡುವ ಮುಂಚೆ ಮೂರನೆಯವರೊಬ್ಬರು ಆ ಕೋಡ್ ತೆಗೆದುಕೊಂಡು ಬೇರೆ ಕಂಪ್ಯೂಟರಿನಲ್ಲಿ ಓಡಿಸಿ ತೋರಿಸಬೇಕು ಅಂತ ಹಾಕಿ. ಓಡಿದರೆ ದುಡ್ಡು, ಓಡದಿದ್ದರೆ ಇಲ್ಲ.

ಡೇಟಾದ ಬಗ್ಗೆಯೂ ಅಷ್ಟೇ. ಕಾಂಟ್ರ್ಯಾಕ್ಟ್ ಮುಗಿಯಲಿ, ಮುರಿಯಲಿ, ಪೂರ್ತಿ ಡೇಟಾ ಮುಕ್ತ ನಮೂನೆಯಲ್ಲಿ, ಹೆಚ್ಚಿನ ದುಡ್ಡು ಕೇಳದೆ ಪಾಲಿಕೆಗೆ ಸಿಗಬೇಕು. ವರ್ಷಕ್ಕೊಮ್ಮೆ ತೆಗೆದು ನೋಡಿಯೂ ನೋಡಬೇಕು.

ಎಲ್ಲಿಂದ ಶುರುಮಾಡುವುದು ಅಂದರೆ, ತೋಡುಗಳಿಂದ ಮಾಡಿ. ಜೂನ್ ಬಂದರೆ ಕೊಟ್ಟಾರ ಚೌಕಿಯಲ್ಲಿ ನೀರು, ಪಂಪ್‌ವೆಲ್‌ನಲ್ಲಿ ನೀರು. ಯಾವ ತೋಡು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ, ಎಲ್ಲಿ ಸ್ಲ್ಯಾಬ್ ಮುಚ್ಚಿದ್ದಾರೆ, ಯಾವಾಗ ಹೂಳೆತ್ತಿದರು ಎಂಬ ನಕ್ಷೆ ಎಂಜಿನಿಯರ್‌ಗಳ ತಲೆಯಲ್ಲಿ ಇದೆ, ಅವರಿಗೆ ವರ್ಗ ಆದರೆ ತಲೆಯ ಜೊತೆ ನಕ್ಷೆಯೂ ಹೋಗುತ್ತದೆ. ನಕ್ಷೆ ಮಾಡಲು ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶ ಇದೆ, ಲೈಸೆನ್ಸ್ ದುಡ್ಡು ಇಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ, 2004ರಿಂದ ಜನರೇ ಸೇರಿ ಬಿಡಿಸುತ್ತಿರುವ ನಕ್ಷೆ. ಅರವತ್ತು ವಾರ್ಡ್‌ಗಳ ಗಡಿ, ತೋಡು, ಮೋರಿ ಇಷ್ಟನ್ನು ಅದರಲ್ಲಿ ಏರಿಸಿ, ಎಲ್ಲರಿಗೂ ಇಳಿಸಿಕೊಳ್ಳಲು ಬಿಡಿ. ಇದಕ್ಕೆ ಬೆಂಗಳೂರಿನ ಅನುಮತಿಗೆ ಕಾಯಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಮಾಡುವವರು ಯಾರು ಅಂತ ಕೇಳಬೇಡಿ. ಸುರತ್ಕಲ್‌ನಲ್ಲಿ ಎನ್‌ಐಟಿಕೆ ಇದೆ. ವಾಮಂಜೂರು, ಅಡ್ಯಾರ್, ನಿಟ್ಟೆ, ಮಣಿಪಾಲ, ಎಲ್ಲಿ ನೋಡಿದರೂ ಎಂಜಿನಿಯರಿಂಗ್ ಕಾಲೇಜು. ಫೈನಲ್ ಇಯರ್ ಮಕ್ಕಳು ಪ್ರಾಜೆಕ್ಟ್ ರಿಪೋರ್ಟ್ ಬೈಂಡ್ ಮಾಡಿಸಲು ನನ್ನ ಅಂಗಡಿಗೂ ಬರುತ್ತಾರೆ. ಗುಂಡಿ ಗುರುತಿಸುವ ಆ್ಯಪ್, ಕಸದ ಗಾಡಿಯ ಆ್ಯಪ್, ಪ್ರತಿ ವರ್ಷ ಇರುವುದೇ. ಚೆನ್ನಾಗಿಯೂ ಮಾಡಿರುತ್ತಾರೆ. ಯಾರಿಗೆ ಕೊಟ್ಟಿರಿ ಅಂತ ಕೇಳಿದರೆ, ಅಂಕಲ್, ವೈವಾ ಮುಗೀತಲ್ಲ ಅನ್ನುತ್ತಾರೆ. ತಪ್ಪು ಅವರದ್ದಲ್ಲ. ಸೇರಿಸೋಣ ಅಂದರೆ ಸೇರಿಸುವುದಕ್ಕೆ ಜಾಗವೇ ಇಲ್ಲ. ಪಾಲಿಕೆಯ ಕೋಡ್ ತೆರೆದಿದ್ದರೆ ಅದೇ ಮಕ್ಕಳು ನಿಮ್ಮ ಫಾರ್ಮ್‌ನ ಆ ಇನಿಶಿಯಲ್ ಚುಕ್ಕಿಯ ತೊಂದರೆಯನ್ನು ಒಂದು ಸಂಜೆ ಕೂತು ಸರಿಮಾಡಿ ಕಳಿಸುತ್ತಾರೆ. ಒಪ್ಪುವುದು ಬಿಡುವುದು ನಿಮ್ಮ ಎಂಜಿನಿಯರ್‌ಗೆ ಬಿಟ್ಟದ್ದು, ಸಿಕ್ಕಸಿಕ್ಕವರು ಬಂದು ಬದಲಾಯಿಸಿ ಹೋಗಲು ಆಗುವುದಿಲ್ಲ.

ಕೊನೆಯದಾಗಿ ಒಂದೇ ಬೇಡಿಕೆ. ಮುಂದಿನ ಸಾಫ್ಟ್‌ವೇರ್ ಟೆಂಡರ್ ಕರೆಯುವ ಮುಂಚೆ ಅದರ ಕರಡನ್ನು ಹದಿನೈದು ದಿನ ಪಾಲಿಕೆಯ ವೆಬ್‌ಸೈಟಿನಲ್ಲಿ ಹಾಕಿ. ಕನ್ನಡದಲ್ಲೂ ಹಾಕಿ, ದಯವಿಟ್ಟು ಯೂನಿಕೋಡ್‌ನಲ್ಲಿ. ಓದಿ, ಗುರುತು ಹಾಕಿ, ಅಭಿಪ್ರಾಯ ಬರೆದು ಲಾಲ್‌ಬಾಗ್‌ನ ಕಚೇರಿಗೆ ತಂದು ಕೊಡುವ ಕೆಲಸ ನಮ್ಮದು. ಕಾಲೇಜಿನ ನಾಲ್ಕು ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ. ಸೋಮವಾರ ಬೆಳಿಗ್ಗೆ ಮಾತ್ರ ಕರೆಯಬೇಡಿ, ಅಂಗಡಿಯಲ್ಲಿ ರಶ್ ಇರುತ್ತದೆ.

ಇತಿ,
ನಿಮ್ಮ ಊರಿನ ಒಬ್ಬ ಸೈಬರ್ ಅಂಗಡಿಯವ
ಮಂಗಳೂರು